ಅತ್ತೆಗಿಂತ ಮೊದಲು ಹೊರಟ ಪಾಸ್‌ಪೋರ್ಟು

ಕಣ್ಣಿಗೆ ಕಾಣದ ಅಪ್ಪಣೆಯನ್ನು ನಂಬುವುದು ನನಗೆ ಕಷ್ಟ. ಕಾಕನಕೋಟೆ ಕಾಡಿನ ಚೆಕ್‌ಪೋಸ್ಟಿನಲ್ಲಿ ಗೇಟು ತೆರೆದೇ ಇದ್ದರೂ ಗಾರ್ಡು ಕೈ ಬೀಸುವವರೆಗೆ ನನ್ನ ಸ್ಕೂಟರು ಮುಂದೆ ಹೋಗುವುದಿಲ್ಲ. ನೆನಪನ್ನಂತೂ ನಾನು ನಂಬುವುದೇ ಇಲ್ಲ. ಈಗ ಹೇಳುವ ಸಂಗತಿ ಹುಣಸೂರಿನ ಸುತ್ತ ತಂಬಾಕು ಹದಮಾಡುವ ಬ್ಯಾರನ್ನುಗಳು ಉರಿಯುತ್ತಿದ್ದ ಕಾಲದ್ದು, ಊರೆಲ್ಲ ಅದರ ವಾಸನೆಯಿತ್ತು ಎನ್ನುತ್ತೇನೆ. ಹೆಂಡತಿ, “ಅದು ಅವರೆಕಾಯಿ ಕಾಲ, ನಿಮ್ಮ ಸೋದರತ್ತೆಗೆ ಹಿತಕಿದ ಬೇಳೆ ಸಾರು ಮಾಡಿದವಳು ನಾನೇ” ಎನ್ನುತ್ತಾಳೆ. ಸೊಗಡಿನ ಅವರೆಯನ್ನೇ ನಾನು ತಂಬಾಕೆಂದು ನೆನಪಿಟ್ಟುಕೊಂಡಿರಬಹುದು. ಮೂಗಿಗೂ ವಯಸ್ಸಾಗುತ್ತದೆ.

ನನ್ನ ಸೋದರತ್ತೆ ಗೌರಮ್ಮ ಮದುವೆಯಾಗಿ ಸಿಂಗಪುರ ಸೇರಿದವರು. ಪಾಸ್‌ಪೋರ್ಟು ಅಲ್ಲಿಯದು, ಮಾತು ಮಾತ್ರ ಹುಣಸೂರಿನದು. ತವರಿಗೆ ಬಂದಿದ್ದವರು ನಮ್ಮ ಮನೆಯಿಂದಲೇ ಆಸ್ಟ್ರೇಲಿಯಾಕ್ಕೆ, ಮಗಳು ಸುಜಾತಳ ಬಾಣಂತನಕ್ಕೆ ಹೊರಟಿದ್ದರು. ವಿಮಾನ ಇದ್ದದ್ದು ಮಂಗಳವಾರ ರಾತ್ರಿ. ಮನೆಮಗಳನ್ನು ಮಂಗಳವಾರ ತವರಿನಿಂದ ಕಳಿಸುವುದುಂಟೆ? ಅದಕ್ಕೆ ನಮ್ಮಲ್ಲಿ ಪ್ರಸ್ಥಾನ ಇಡುವ ಉಪಾಯವಿದೆ. ಹಿಂದಿನ ಒಳ್ಳೆಯ ದಿನ ಪ್ರಯಾಣದ ಗಂಟೊಂದನ್ನು ನೆರೆಮನೆಯಲ್ಲಿ ಇಟ್ಟುಬಿಟ್ಟರೆ ಆಗಲೇ ಹೊರಟ ಲೆಕ್ಕ. ಸೋಮವಾರ ಬೆಳಿಗ್ಗೆ ಅತ್ತೆ ಅಕ್ಕಿ, ಎಲೆ ಅಡಿಕೆ, ಜೊತೆಗೆ ಪಾಸ್‌ಪೋರ್ಟನ್ನೂ ವಸ್ತ್ರದಲ್ಲಿ ಕಟ್ಟಿ ಪಕ್ಕದ ಜಯಮ್ಮನವರ ಮನೆಯಲ್ಲಿಟ್ಟು ಬಂದರು. ಮಧ್ಯಾಹ್ನ ಸುಜಾತಳ ಫೋನು. ಸಿಂಗಪುರದವರಿಗೆ ವೀಸಾ ಬೇಡವಂತೆ, ಆದರೆ ಮೊದಲೇ ಕಂಪ್ಯೂಟರಿನಲ್ಲಿ ಅಪ್ಪಣೆ ಪಡೆದಿರಬೇಕಂತೆ, ಇಲ್ಲದಿದ್ದರೆ ವಿಮಾನ ಹತ್ತಿಸುವುದೇ ಇಲ್ಲವಂತೆ. “ಭಾವ, ನಂಗೆ ದಿನ ತುಂಬಿದೆ. ಅವ್ವ ಬರದಿದ್ರೆ ಇಲ್ಲಿ ನಂಗ್ಯಾರಿದಾರೆ?” ಎಂದು ಅತ್ತಳು.

“ವೀಸಾ ಬ್ಯಾಡ ಅಂದ್ಮ್ಯಾಲೆ ಮತ್ಯಾವ ಅಪ್ಪಣೆಲಾ?” ಎಂದರು ಅತ್ತೆ. “ಮಗಳ ಮನೆಗೆ ಹೋಗೋಕೆ ಯಾರೂ ಕರೀಬೇಕಾಗಿಲ್ಲ. ಆದ್ರೂ ಬರ್ತೀನಿ ಅಂತ ಮುಂಚೆ ಹೇಳಿ ಕಳಿಸ್ತೀವಲ್ಲ, ಹಾಗೆ” ಎಂದೆ. “ಅಂಗನ್ನು ಮತ್ತೆ!” ಎಂದು ಅತ್ತೆ ಒಪ್ಪಿದರು. ಅಪ್ಪಣೆ ಕೇಳಲು ಪಾಸ್‌ಪೋರ್ಟಿನ ನಂಬರು ಬೇಕು. ಓಡಿದೆ. ಜಯಮ್ಮ ಬಾಗಿಲಿಗೆ ಅಡ್ಡ ನಿಂತರು. “ಇಟ್ಟ ಗಂಟ ವಾಪಸ್ ಕೇಳ್ತೀರಲ್ಲ ಮೇಷ್ಟ್ರೇ, ಮಕ್ಕಳಿಗೇನ್ ಕಲಿಸ್ತೀರಿ?” ಕಾಂಪೌಂಡಿನಾಚೆಯಿಂದ ಅತ್ತೆ ಕೂಗಿದರು: “ಊರ ಎಲ್ಲೆ ದಾಟೋಗಂಟ ಬಿಚ್ಚಂಗಿಲ್ಲ ಕಣ್ಲಾ! ಬೇಕಾದ್ರೆ ಮುಂದಕ್ಕೆ ತಕ್ಕೊಂಡೋಗು, ಇಂದಕ್ಕೆ ಮಾತ್ರ ತರಬ್ಯಾಡ.”

ಹೀಗಾಗಿ ಊರಿನಲ್ಲೇ ಸೈಬರ್ ಸೆಂಟರಿದ್ದರೂ ನಾನು ಗಂಟನ್ನು ಮಡಿಲಲ್ಲಿಟ್ಟುಕೊಂಡು ಮೈಸೂರಿನ ಬಸ್ಸು ಹತ್ತಿದೆ. ಅಲ್ಲಿನ ಸೆಂಟರಿನಲ್ಲಿ ಗಂಟು ಬಿಚ್ಚಿ, ನಂಬರು ಒತ್ತಿ, ಕಾದು ಕೂತೆ. ಪರದೆಯ ಮೇಲೆ ಒಂದು ಸಾಲು ಮೂಡಿತು, ಅಪ್ಪಣೆಯಾಗಿದೆ ಎಂದು. ಅಷ್ಟೇ. “ಪ್ರಿಂಟೂ ಬೇಡ ಸಾರ್, ವಿಮಾನದವರ ಕಂಪ್ಯೂಟರಿನಲ್ಲೇ ಕಾಣುತ್ತೆ” ಎಂದರು ಸೆಂಟರಿನವರು. ನನ್ನ ಜೀವ ಕೇಳಬೇಕಲ್ಲ. ಪ್ರಿಂಟು ತೆಗೆಸಿ, ಅದಕ್ಕೊಂದು ಸೀಲನ್ನೂ ಹಾಕಿಸಿಕೊಂಡೆ. ಅವರಲ್ಲಿ ಇದ್ದದ್ದು ‘ಝೆರಾಕ್ಸ್ ಮತ್ತು ಲ್ಯಾಮಿನೇಷನ್’ ಎಂಬ ದುಂಡನೆಯ ಸೀಲು. ಗಂಟು ಹಿಂದಕ್ಕೆ ಹೋಗುವಂತಿಲ್ಲವಾದ್ದರಿಂದ ನಾನೂ ಹೋಗುವಂತಿರಲಿಲ್ಲ. ಪ್ರಸ್ಥಾನಗಳನ್ನೆಲ್ಲ ಮೌಢ್ಯವೆಂದು ತರಗತಿಯಲ್ಲಿ ಬೈಯುತ್ತಿದ್ದವನು ಲಾಡ್ಜೊಂದರಲ್ಲಿ ಅಕ್ಕಿ ಕಾಯುತ್ತ ಉಳಿದೆ.

ಮರುದಿನ ಅತ್ತೆ ಮೈಸೂರಿಗೆ ಬಂದು ನನ್ನನ್ನೂ ಗಂಟನ್ನೂ ಕೂಡಿಕೊಂಡರು. ಬೆಂಗಳೂರಿನ ವಿಮಾನ ನಿಲ್ದಾಣದಲ್ಲಿ ಕೌಂಟರಿನ ಹುಡುಗಿ ಪರದೆ ನೋಡಿ, ನಮ್ಮ ಪ್ರಿಂಟನ್ನು ಹಿಂದಕ್ಕೆ ತಳ್ಳಿದಳು. “ಸೀಲ್ ಐತೆ ನೋಡವ್ವಾ!” ಎಂದರು ಅತ್ತೆ. ಹುಡುಗಿ ನೋಡಿದಳು, ನಕ್ಕಳು, ಒಳಕ್ಕೆ ಬಿಟ್ಟಳು.

ಅತ್ತೆ ಆಸ್ಟ್ರೇಲಿಯಾದಲ್ಲಿ ಇಳಿದ ಮೇಲೆಯೇ ಸುಜಾತಳಿಗೆ ನೋವು ಬಂತಂತೆ. ಹೆಣ್ಣುಮಗು. ಫೋನಿನಲ್ಲಿ ಅತ್ತೆಯ ದನಿ ಬೀದಿಗೆಲ್ಲ ಕೇಳುವಂತಿತ್ತು: “ಕೂಸ ನೋಡಕ್ಕೆ ನೀನೂ ಬಾ ಕಣ್ಲಾ. ನಿಂಗೆ ವೀಸಾನೇ ಬೇಕಂತೆ, ಆಗ್ಲಿ ಬುಡು, ಅದೇನು ಕೇಳ್ಬೇಕೋ ಅಳಿಯ ಇಲ್ಲಿಂದ್ಲೇ ಕೇಳ್ತಾನೆ. ಎಲ್ಲಾ ತಿಳ್ಕಂಡಿರೋನು ನೀನು, ನಿನ್ ಪಾಸ್‌ಪೋರ್ಟ್ ನಂಬರ್ ಯೋಳು.” ಅಷ್ಟರಲ್ಲಿ ಬೀದಿಯವರ ಪಾಲಿಗೆ ನಾನು ವಿದೇಶ ಪ್ರಯಾಣದ ಪಂಡಿತನಾಗಿದ್ದೆ. ಜಯಮ್ಮ ಬೇರೆ ಫೋನಿನ ಪಕ್ಕದಲ್ಲೇ ಕೂತಿದ್ದರು. “ಅತ್ತೆ, ಲೈನು ಸರಿಯಾಗಿ ಕೇಳಿಸ್ತಿಲ್ಲ” ಎಂದು ಫೋನಿಟ್ಟೆ. ನನಗೆ ಪಾಸ್‌ಪೋರ್ಟೇ ಇರಲಿಲ್ಲ.