ಷಡ್ಡಕನ ಸುಣ್ಣದ ಮನೆ

ನನ್ನ ಷಡ್ಡಕನಿಗೆ ದಾವಣಗೆರೆ ಪಕ್ಕದ ಬಾತಿಯ ಹತ್ತಿರ ಒಂದು ಭರ್ಜರಿ ಮನೆಯಿದೆ. ಪಡಸಾಲೆ, ಅಡುಗೆಮನೆ, ಎರಡು ಕೋಣೆ, ಪೂರ್ವಕ್ಕೆ ಬಾಗಿಲು. ಗೋಡೆ ಮತ್ತು ಸೂರು ಮಾತ್ರ ಇಲ್ಲ. ಆದರೂ ಆ ಮನೆ ಕಂಡರೆ ನನ್ನ ಹೊಟ್ಟೆ ಉರಿಯುತ್ತದೆ, ಏನು ಮಾಡಲಿ!

ಷಡ್ಡಕ ಎಂದರೆ ನನ್ನ ನಾದಿನಿಯ ಗಂಡ, ಹರಿಹರದ ಪೇಟೆಯಲ್ಲಿ ಟೈಲರು. ಎದುರಿಗೆ ‘ನೀವು’, ಬೆನ್ನ ಹಿಂದೆ ‘ಅವನು’. ಷಡ್ಡಕರ ನಡುವಿನ ಮರ್ಯಾದೆ ಇರುವುದೇ ಹಾಗೆ. ಮೂರು ವರ್ಷದ ಹಿಂದೆ ದಾವಣಗೆರೆ-ಹರಿಹರ ರಸ್ತೆಯ ಹೊಸ ಬಡಾವಣೆಯೊಂದರಲ್ಲಿ ನಾವಿಬ್ಬರೂ ಅಕ್ಕಪಕ್ಕದ ಸೈಟು ಹಿಡಿದೆವು. ಹಿಡಿದ ಮೇಲೆ ಗೊತ್ತಾಯಿತು, ನಗರದ ನಕ್ಷೆಯಲ್ಲಿ ಆ ಜಾಗ ಇನ್ನೂ ಹಸಿರು ಬಣ್ಣದಲ್ಲಿದೆ, ಅಂದರೆ ಬೆಳೆ ಬೆಳೆಯುವ ಜಮೀನು. ಅದು ಹಳದಿಗೆ ತಿರುಗಿ ವಾಸದ ವಲಯವಾಗುವ ತನಕ ಒಂದು ಇಟ್ಟಿಗೆಯನ್ನೂ ಇಡುವಂತಿಲ್ಲ.

ನಾನು ಎಲ್ಲರಂತೆ ತಲೆ ಮೇಲೆ ಕೈ ಹೊತ್ತು ಕೂತೆ. ಅವನು? ಅಂಗಡಿಯಿಂದ ಟೇಪು ತಂದು, ಸುಣ್ಣದ ಪುಡಿಯಲ್ಲಿ ನೆಲದ ಮೇಲೆ ಇಡೀ ಮನೆಯನ್ನೇ ಎಳೆದುಬಿಟ್ಟ!

“ಅಣ್ಣಾರ, ಬಟ್ಟೆ ಮ್ಯಾಲೆ ಸೀಮೆಸುಣ್ಣದ ಗೆರೆ ಬಿತ್ತಂದ್ರ ಅಂಗಿ ಆದಂಗ. ಹೊಲಿಗಿ ಯಾವತ್ತೋ ಆಗ್ತೈತೆ” ಎಂದ.

ಅಂದಿನಿಂದ ಭಾನುವಾರ ಸಂಜೆಯಾದರೆ ಸಾಕು, ಗಂಡ ಹೆಂಡತಿ ಸ್ಕೂಟರಿನಲ್ಲಿ ಬಂದು ಅಲ್ಲಿ ಸಂಸಾರ ಹೂಡುತ್ತಾರೆ. ಚಾಪೆ, ಫ್ಲಾಸ್ಕು, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ. ಮಳೆಗೆ ಗೋಡೆಗಳು ಕೊಚ್ಚಿಕೊಂಡು ಹೋದರೆ, “ಸುಣ್ಣ ಬಣ್ಣ ಮಾಡಿಸೋ ಟೈಮ್ ಬಂತು” ಎನ್ನುತ್ತಾ ಮತ್ತೆ ಎಳೆಯುತ್ತಾನೆ.

ಒಂದು ಸಲ ನಮ್ಮನ್ನೂ ಕರೆದರು. ನಾನು ಸೀದಾ ಚಾಪೆಯ ಕಡೆ ಹೊರಟೆ.

“ಅಣ್ಣಾರ, ಅದು ಗೋಡೆರಿ. ಬಾಗಿಲಾಗ ಬರ್ರಿ.”

ಸುತ್ತಿ ಬಂದು ಬಾಗಿಲಿನಿಂದ ಒಳಗೆ ಹೋದೆ. ಚಪ್ಪಲಿ ಬಿಡಲಿಲ್ಲವೆಂದು ಹೆಂಡತಿಯಿಂದ ಬೈಸಿಕೊಂಡೆ. ಅವಳೋ ಅಡುಗೆಮನೆಯ ಗೆರೆಯೊಳಗೆ ನಿಂತು, “ನಿನ್ನ ಅಡಿಗಿಮನ್ಯಾಗ ಎಷ್ಟು ಗಾಳಿ ಬೆಳಕು ಐತೆ” ಎಂದು ತಂಗಿಯನ್ನು ಹೊಗಳಿದಳು. ಬಯಲಲ್ಲಿ ಗಾಳಿ ಬೆಳಕು ಇರದೆ ಇನ್ನೇನಿರುತ್ತದೆ? ನಿಜಲಿಂಗಪ್ಪ ಬಡಾವಣೆಯ ನಮ್ಮ ಬಾಡಿಗೆ ಮನೆ ಮುಟ್ಟುವ ತನಕ ಅವಳದು ಒಂದೇ ಮಾತು: “ಅವ್ರಿಗೆ ಮನೆ ಐತೆ. ನಮ್ಗೆ ಜಾಲಿಗಿಡ ಐತೆ.”

ಮರುವಾರ ಯಾರಿಗೂ ಹೇಳದೆ ಹೋಗಿ ನನ್ನ ಸೈಟಿನಲ್ಲೂ ಸುಣ್ಣ ಎಳೆದೆ. ಎಷ್ಟು ಎಳೆದರೂ ಅದು ಕಬಡ್ಡಿ ಅಂಕಣದಂತೆಯೇ ಕಂಡಿತು. ಮತ್ತೆ ಹೋಗಿ ನೋಡಿದರೆ ಒಂದು ಕುರಿಮಂದೆ ಅದರೊಳಗೆ ಹಾಯಾಗಿ ಮಲಗಿತ್ತು. ಅವನ ಮನೆಯನ್ನು ಮಾತ್ರ ಕುರಿಗಳೂ ಗೆರೆ ತುಳಿಯದೆ ಸುತ್ತಿ ಹೋಗಿದ್ದವು. ಹೊಟ್ಟೆಕಿಚ್ಚು ಬಾರದೆ ಇರುತ್ತದೆಯೇ?

ಕೊನೆಗೂ ನಾವು ಸೈಟಿನವರು ಹಾಕಿದ್ದ ವಲಯ ಬದಲಾವಣೆಯ ಅರ್ಜಿ ವಿಚಾರಣೆಗೆ ಬಂದು, ನಗರಾಭಿವೃದ್ಧಿ ಕಚೇರಿಯವರು ಜಾಗ ನೋಡಲು ಬಂದರು. ಹಿರಿಯ ಇಂಜಿನಿಯರು ನಕ್ಷೆ ಹಿಡಿದು ನಡೆಯುತ್ತಾ ನಡೆಯುತ್ತಾ ನಮ್ಮ ಟೈಲರನ ಹೊಸ್ತಿಲ ಬಳಿ ಬಂದರು. “ಬರ್ರಿ ಸಾಹೇಬ್ರ, ಕೂಡ್ರಿ” ಎಂದ ಅವನು. ಅವರು ಗೆರೆ ನೋಡಿದರು, ಬಗ್ಗಿ ಬೂಟು ಬಿಚ್ಚಿಟ್ಟು ಒಳಗೆ ಹೋದರು! ಸರ್ಕಾರವೇ ಬೂಟು ಬಿಚ್ಚಿದ ಮೇಲೆ ನನ್ನದೇನು ನಡೆಯುತ್ತದೆ?

ಚಹಾ ಕುಡಿದು ಇಂಜಿನಿಯರು ಬಾಯಿ ಬಿಟ್ಟರು. ಹಳದಿ ಮಾಡಲು ಅಡ್ಡಿಯಿಲ್ಲ. ಆದರೆ ನೀರು, ಚರಂಡಿ, ಕರೆಂಟು ನಗರದ ಖರ್ಚಿನಲ್ಲಿ ಬರುವುದಿಲ್ಲ, ಬಡಾವಣೆಯವರೇ ಹಾಕಿಸಿಕೊಳ್ಳಬೇಕು. ಪೈಪು, ಕಂಬದ ಖರ್ಚನ್ನು ಹಂಚಿಕೊಳ್ಳಲು ಸೈಟಿನವರೆಲ್ಲ ಗೊಣಗುತ್ತಲೇ ಒಪ್ಪಿದರು. ಉಳಿದದ್ದು ನೀರಿನ ಟ್ಯಾಂಕಿಗೆ ಜಾಗ. ಅದು ಎತ್ತರದಲ್ಲಿರಬೇಕು. ಎತ್ತರದ ಸೈಟುಗಳು ಇದ್ದದ್ದೇ ಎರಡು, ನನ್ನದು ಮತ್ತು ಅವನದು. ಬಿಟ್ಟುಕೊಟ್ಟವರಿಗೆ ಬದಲಿಯಾಗಿ ಹಳ್ಳದ ಪಕ್ಕದ, ಮಳೆಗಾಲದಲ್ಲಿ ನೀರು ನಿಲ್ಲುವ ಸೈಟು.

“ನಿಮ್ಮಿಬ್ರಲ್ಲಿ ಯಾರು ಕೊಡ್ತೀರಿ? ಇವತ್ತೇ ಹೇಳ್ಬೇಕು” ಎಂದರು.

ನಾನು ಆಕಾಶ ನೋಡಿದೆ. ನಿಜ ಹೇಳುತ್ತೇನೆ, ಅವನದೇ ಹೋಗಲಿ ಎಂದು ಮನಸ್ಸಿನಲ್ಲೇ ಉಕ್ಕಡಗಾತ್ರಿ ಅಜ್ಜಯ್ಯನಿಗೆ ಹರಕೆ ಹೊತ್ತೆ. ಆ ಪಡಸಾಲೆಯ ಮೇಲೆ ಒಂದು ಟ್ಯಾಂಕು ಎದ್ದು ನಿಂತರೆ ನನ್ನ ಭಾನುವಾರಗಳಾದರೂ ತಣ್ಣಗಿರುತ್ತವೆ.

“ನಂದು ತಗೊಳ್ರಿ ಸಾಹೇಬ್ರ” ಎಂದ ಅವನು.

ಲೋಟ ತೊಳೆಯುತ್ತಿದ್ದ ನಾದಿನಿ ತಲೆ ಎತ್ತಿ ಗಂಡನನ್ನು ನೋಡಿದಳು. ಮತ್ತೆ ತೊಳೆಯತೊಡಗಿದಳು. ಕೇಳಿಕೊಂಡದ್ದು ಸಿಕ್ಕಿತಲ್ಲ, ನನಗೆ ಖುಷಿಯಾಗಬೇಕಿತ್ತು. ಆಗಲಿಲ್ಲ. ಜೀಪು ಹೊರಟ ಮೇಲೆ ತಡೆಯಲಾರದೆ ಕೇಳಿದೆ.

“ಹಿಂಗ್ಯಾಕ ಮಾಡಿದ್ರಿ? ಇಷ್ಟು ಚಂದದ ಮನೆ ಇದು.”

ಅವನು ಚಾಪೆ ಸುತ್ತುತ್ತಿದ್ದ. “ಅಣ್ಣಾರ, ನಾವು ಮೂರು ವರ್ಷ ಈ ಮನ್ಯಾಗ ಚಂದಾಗಿ ಬಾಳೀವಿ. ಅಕ್ಕಾರು ತಮ್ಮದು ಅನ್ನೋ ಮನ್ಯಾಗ ಒಂದಿನಾನೂ ಕೂತಿಲ್ಲ.”

ನನಗೆ ಕಣ್ಣು ತುಂಬಿ ಬಂತು. ಚಾಪೆಯನ್ನು ಅವನ ಕೈಯಿಂದ ಕಸಿದುಕೊಂಡು, ಸ್ಕೂಟರಿನ ತನಕ ನಾನೇ ಹೊತ್ತುಕೊಂಡು ನಡೆದೆ.