ಬೀಗರ ಮುಂದೆ ತೂಗಿದ ತಲೆ

ಲಿಂಗದಹಳ್ಳಿಯ ಓಂಕಾರಪ್ಪನವರ ಮನೆಯ ಹಜಾರದಲ್ಲಿ ಆವತ್ತು ಜಮಖಾನದ ಮೇಲೆ ಕೂತಿದ್ದವರು ಇವರು: ಗಂಡಿನ ತಂದೆ ಓಂಕಾರಪ್ಪನವರು, ಅವರ ಕಡೆಯ ಇಬ್ಬರು ಹಿರಿಯರು, ಅಜ್ಜಂಪುರದಿಂದ ಬಂದಿದ್ದ ನನ್ನ ಹೆಂಡತಿಯ ತಮ್ಮ ರೇವಣ್ಣ, ಮತ್ತು ಹೆಣ್ಣಿನ ತಂದೆಯಾದ ನಾನು. ನನ್ನ ಹೆಂಡತಿ ಗಿರಿಜಾ ಒಳಗೆ ಹೆಂಗಸರ ಜೊತೆ ಇದ್ದಳು. ಮದುವೆ ಗಂಡು ಪ್ರಸನ್ನ ಎಲ್ಲರಿಗೂ ನೀರು ಕೊಟ್ಟು, ಇಂಥ ಹೊತ್ತಿನಲ್ಲಿ ಹುಡುಗರು ಮಾಡುವ ಹಾಗೆ ಮರೆಯಾಗಿದ್ದ. ನಮ್ಮೆಲ್ಲರ ನಡುವೆ ಹಿತ್ತಾಳೆ ತಟ್ಟೆಯಲ್ಲಿ ಎಲೆ, ಅಡಿಕೆ, ತೆಂಗಿನಕಾಯಿ. ನಾನು ಕಡೂರಿನಲ್ಲಿ ಪಾತ್ರೆ ಅಂಗಡಿ ಇಟ್ಟವನು. ತಟ್ಟೆ ನೋಡಿದ ಕೂಡಲೇ ತೂಕ ಹೇಳಬಲ್ಲೆ. ಆ ತಟ್ಟೆಯ ತೂಕ ಮಾತ್ರ ಮನೆಗೆ ಹೋಗುವ ದಾರಿಯಲ್ಲಿ ತಿಳಿಯಿತು.

ನಮ್ಮ ಕಡೆ ಮದುವೆ ಮಾತುಕತೆಗೆ ಒಂದು ಕ್ರಮವಿದೆ. ಗಂಡಿನ ಕಡೆಯವರು ಒಂದೊಂದೇ ಮಾತನ್ನು ಮುಂದಿಡುತ್ತಾರೆ. ಬೇಡವಾದದ್ದಕ್ಕೆ ಹೆಣ್ಣಿನ ತಂದೆ ಬಾಯಿಬಿಟ್ಟು ಬೇಡ ಎನ್ನಬೇಕು. ಒಪ್ಪಿಗೆಯಾದರೆ ಬಾಯಿಗೆ ಕೆಲಸವಿಲ್ಲ, ತಲೆ ತೂಗಿದರೆ ಸಾಕು. ಕೊನೆಗೆ ಎಲೆ ಅಡಿಕೆ ತಟ್ಟೆ ಈ ಕೈಯಿಂದ ಆ ಕೈಗೆ ಹೋಯಿತೆಂದರೆ ಆ ಮಾತನ್ನು ಯಾರೂ ಮತ್ತೆ ಬದಲಿಸುವ ಹಾಗಿಲ್ಲ.

ನನ್ನ ಮಗಳು ಸುಮಾ ದೇವನೂರಿನ ಪಶು ಆಸ್ಪತ್ರೆಯಲ್ಲಿ ಕೆಲಸದಲ್ಲಿದ್ದಾಳೆ. ಕುರಿಗೆ ಸೂಜಿ ಚುಚ್ಚುವುದರಿಂದ ಹಿಡಿದು ಹಸುವಿನ ಹೆರಿಗೆಯವರೆಗೆ ಅವಳ ಕೈ ನಡೆಯುತ್ತದೆ. ನಾವು ಹೊರಡುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು.

“ಅಪ್ಪಾ, ಛತ್ರ, ಸೀರೆ, ಊಟ ಎಲ್ಲಾ ನೀನೇ ನೋಡ್ಕೊ. ನಾನು ಕೆಲ್ಸ ಮಾತ್ರ ಬಿಡಲ್ಲ. ಅದೊಂದು ಹೇಳಿ ಬಂದ್ಬಿಡು.”

“ಅಷ್ಟೇ ತಾನೇ, ಬಿಡು” ಎಂದೆ. ಗಿರಾಕಿಗಳ ಜೊತೆ ಮಾತಾಡಿಯೇ ಇಷ್ಟು ವರ್ಷ ಬದುಕಿದವನು ನಾನು. ಒಂದು ವಾಕ್ಯ ಹೇಳಿ ಬರುವುದು ಯಾವ ಮಹಾ ಕೆಲಸ!

ಇಲ್ಲಿ ನನ್ನ ಉಸಿರಿನ ವಿಚಾರ ಸ್ವಲ್ಪ ಹೇಳಬೇಕು. ಚಿಕ್ಕಂದಿನಿಂದಲೂ ನನಗೆ ದಮ್ಮು. ಜೇಬಿನಲ್ಲಿ ಬಾಯಿಗೆ ಹೊಡೆದುಕೊಳ್ಳುವ ಪಂಪು ಇಲ್ಲದೆ ನಾನು ಬೀದಿಗೆ ಇಳಿದವನಲ್ಲ. ವಯಸ್ಸಾಗುತ್ತ ಅದರ ಜೊತೆಗೆ ಗೊರಕೆ ಸೇರಿಕೊಂಡಿತು, ಗೊರಕೆಯ ಜೊತೆಗೆ ಹಗಲು ತೂಕಡಿಕೆ. ಅಂಗಡಿಯಲ್ಲಿ ಕೊಳಗ ತೋರಿಸುತ್ತ ತೋರಿಸುತ್ತ ಕೊಳಗದ ಮೇಲೇ ತಲೆಯಿಟ್ಟು ಮಲಗಿದ್ದುಂಟು. ಸುಮಾ ಒಂದು ದಿನ ನಾನು ಮಲಗಿದ್ದನ್ನು ಪಕ್ಕದಲ್ಲೇ ಕೂತು ನೋಡಿದಳು. ಗೊರಕೆ ಜೋರಾಗಿ ಹೋಗುತ್ತಾ ಥಟ್ಟನೆ ನಿಂತುಬಿಡುತ್ತಿತ್ತಂತೆ, ಜೊತೆಗೆ ಉಸಿರೂ. ಆಮೇಲೆ ಮುಳುಗಿದವನು ಮೇಲೆ ಬಂದ ಹಾಗೆ ಒಂದು ಹೂಂಕಾರ. “ಕುರಿಗೆ ಹಿಂಗಾಗಿದ್ರೆ ಅವತ್ತೇ ತೋರಿಸಿರೋರು” ಎಂದು ಬೈದು ನನ್ನನ್ನು ಶಿವಮೊಗ್ಗಕ್ಕೆ ಕರೆದುಕೊಂಡು ಹೋದಳು.

ಅಲ್ಲಿ ನನ್ನ ಮೈಗೆಲ್ಲ ವೈರು ಅಂಟಿಸಿ ಮಲಗಿಸಿದರು. ಡಾಕ್ಟರು ಇದಕ್ಕೆ ಸ್ಲೀಪ್ ಅಪ್ನಿಯಾ ಎಂದು ಹೆಸರು ಹೇಳಿದರು. ನಿದ್ದೆಯಲ್ಲಿ ಗಂಟಲು ಮುಚ್ಚಿಕೊಳ್ಳುತ್ತದೆ, ಉಸಿರು ನಿಲ್ಲುತ್ತದೆ, ಮೆದುಳು ಗಾಬರಿಯಾಗಿ ಎಬ್ಬಿಸುತ್ತದೆ, ಬೆಳಗಿನವರೆಗೂ ಇದೇ ಜಗಳ. ಹಾಗಾಗಿ ನೀವು ಮಲಗಿದ್ದೀರಿ ಅಷ್ಟೇ, ನಿದ್ದೆ ಮಾಡಿಲ್ಲ ಎಂದರು. ಒಂದು ಮಿಷನ್ ಕೊಡಿಸಿದರು. ಚಿಕ್ಕ ಪೆಟ್ಟಿಗೆ, ಅದರಿಂದ ಒಂದು ಕೊಳವೆ, ಕೊಳವೆಯ ತುದಿಗೆ ಮೂಗಿಗೆ ಹಾಕುವ ಮಾಸ್ಕು. ಗಾಳಿಯನ್ನು ಒಳಕ್ಕೆ ನೂಕಿ ಗಂಟಲನ್ನು ತೆರೆದಿಡುತ್ತದೆ. ಮೊದಲ ರಾತ್ರಿ ನಾನು ಅದನ್ನು ಹಾಕಿಕೊಂಡು ಮಗುವಿನ ಹಾಗೆ ಮಲಗಿದೆ. ಗಿರಿಜಾ ಮಾತ್ರ ಮಲಗಲಿಲ್ಲ. ಗೊರಕೆ ಕೇಳದೆ, ಇದ್ದೀನೋ ಇಲ್ಲವೋ ಎಂದು ಆಗಾಗ ಮುಟ್ಟಿ ನೋಡುತ್ತಿದ್ದಳಂತೆ.

ಮಿಷನ್ನಿನಿಂದ ನನ್ನ ತೂಕಡಿಕೆ ಹೋಯಿತು. ಒಂದೇ ತೊಂದರೆ: ಮಾಸ್ಕಿನ ಪಟ್ಟಿ ಎರಡು ಕೆನ್ನೆಯ ಮೇಲೂ ಮೂಗಿನ ಮೇಲೂ ಕೆಂಪಗೆ ಗೆರೆ ಎಳೆಯುತ್ತಿತ್ತು. ಬೀಗರ ಮುಂದೆ ಇಂಥ ಮುಖ ಇಟ್ಟುಕೊಂಡು ಹೇಗೆ ಕೂರುವುದು? ಹೆಣ್ಣಿನ ತಂದೆಗೆ ಉಸಿರಿನ ಕಾಯಿಲೆ, ಹೆಣ್ಣಿಗೂ ಬಂದೀತು ಎಂದುಕೊಂಡರೆ? ಆದ್ದರಿಂದ ಮಾತುಕತೆಗೆ ಮುಂಚೆ ಕೆಲವು ರಾತ್ರಿ ಮಿಷನ್ನಿಗೆ ರಜೆ ಕೊಡುವುದೆಂದು ನಾನೊಬ್ಬನೇ ಸಭೆ ಸೇರಿ ತೀರ್ಮಾನಿಸಿದೆ. ಹಾಕ್ಕಳ್ರೀ ಎಂದು ಗಿರಿಜಾ ಹೇಳಿದಳು. ಒಂದೆರಡು ದಿನಕ್ಕೆ ಏನಾಗತ್ತೆ ಕಣೇ ಎಂದು ನಾನು ಅವಳ ಬಾಯಿ ಮುಚ್ಚಿಸಿದೆ.

ಹೀಗೆ, ಗೆರೆಯಿಲ್ಲದ ಮುಖ, ನಿದ್ದೆಯಿಲ್ಲದ ಕಣ್ಣು ಇಟ್ಟುಕೊಂಡು ನಾನು ಲಿಂಗದಹಳ್ಳಿಗೆ ಬಂದಿದ್ದೆ. ಬೀಗರು ಮೊದಲು ಊಟ ಹಾಕಿದರು. ಹೋಳಿಗೆ, ಅದರ ಮೇಲೆ ತುಪ್ಪ, ಬೇಡ ಎಂದಷ್ಟೂ ತುಪ್ಪ. ಆಮೇಲೆ ಫ್ಯಾನಿನ ಕೆಳಗೆ ಕೂರಿಸಿ ಮಾತು ಶುರು ಮಾಡಿದರು. ಓಂಕಾರಪ್ಪನವರು ಸಜ್ಜನರು, ಏರಿಳಿತವಿಲ್ಲದ ಮಾತು, ಬೋರ್‌ವೆಲ್ಲಿನ ಮೋಟಾರು ದೂರದಲ್ಲಿ ಓಡುತ್ತಿದ್ದ ಹಾಗೆ. ಕಣ್ಣು ಎಳೆಯತೊಡಗಿತು. ತೊಡೆ ಚಿವುಟಿಕೊಂಡೆ. ಎದ್ದು ಹೋಗಿ ಗೋಡೆಯ ಫೋಟೋ ನೋಡಿ, ಇವರು ಯಾರು ಎಂದು ಕೇಳಿದೆ. ನಮ್ಮ ತಂದೆಯವರು ಎಂದರು. ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಎದ್ದು ಹೋಗಿ, ಇವರು ಯಾರು ಎಂದು ಕೇಳಿದೆ. “ಈಗ್ಲೂ ನಮ್ಮ ತಂದೆಯೋರೇ” ಎಂದರು ಓಂಕಾರಪ್ಪನವರು. ಬಂದು ಕಂಬಕ್ಕೆ ಒರಗಿ ಕೂತೆ. ಅಲ್ಲಿಗೆ ನನ್ನ ಸ್ವಂತ ನೆನಪು ಮುಗಿಯಿತು.

ಮುಂದಿನದು ರೇವಣ್ಣ ಹೇಳಿದ್ದು. ಮದುವೆ ತರೀಕೆರೆಯ ಛತ್ರದಲ್ಲಾಗಲಿ ಎಂದರಂತೆ. ನಾನು ತಲೆ ತೂಗಿದೆ. ನಮ್ಮ ಮಠದ ಅಯ್ಯನವರೇ ಬಂದು ಮಾಡಿಸಲಿ ಎಂದರಂತೆ. ಇನ್ನೂ ಗಂಭೀರವಾಗಿ ತೂಗಿದೆ. ಆಮೇಲೆ ಓಂಕಾರಪ್ಪನವರು, ಮದುವೆಯಾದ ಮೇಲೆ ಹುಡುಗಿ ಕೆಲಸಕ್ಕೆ ಹೋಗುವುದು ಬೇಡ ಎಂದರು. ಸರಿಯಾಗಿ ಆ ಹೊತ್ತಿಗೆ ನನ್ನ ಉಸಿರು ನಿಂತಿತು. ನಾನು ಕಣ್ಣು ಮುಚ್ಚಿ ಕಲ್ಲಿನ ಹಾಗೆ ಕೂತಿದ್ದೆನಂತೆ. ತಂದೆಯಾದವನು ಆಳವಾಗಿ ಯೋಚಿಸುತ್ತಿದ್ದಾನೆ ಎಂದುಕೊಂಡು ಸಭೆಯೇ ಮೌನವಾಯಿತು. ಹಿರಿಯರೊಬ್ಬರು ಕಣ್ಣು ಒರೆಸಿಕೊಂಡರಂತೆ.

ಆಗ ಬಂತು ಹೂಂಕಾರ. ಅದಕ್ಕೆ ನಾನೇ ಬೆಚ್ಚಿ ಎದ್ದೆ. ನೋಡಿದರೆ ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ. ಏನೋ ಕೇಳಿದ್ದಾರೆ, ಉತ್ತರಕ್ಕೆ ಕಾಯುತ್ತಿದ್ದಾರೆ, ಎಂದು ಹೊಳೆಯಿತು. ಮಲಗಿದ್ದೆ ಎಂದು ತಿಳಿದರೆ ಮರ್ಯಾದೆ ಹೋಯಿತಲ್ಲ!

“ಆಗ್ಲಿ ಬೀಗ್ರೇ. ತಾವು ಹೇಳಿದ್ ಹಂಗೇ ಆಗ್ಲಿ” ಎಂದೆ.

ತಟ್ಟೆ ಬಂತು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೆ ಒತ್ತಿಕೊಂಡೆ.

ರೇವಣ್ಣನ ಕಾರು ಊರು ಬಿಟ್ಟ ಮೇಲೆ ಅವನು, ಸುಮಾಳ ಕೆಲಸದ ವಿಷಯದಲ್ಲಿ ಭಾವ ಇಷ್ಟು ಸುಲಭವಾಗಿ ಒಪ್ಪುತ್ತಾರೆಂದು ಅಂದುಕೊಂಡಿರಲಿಲ್ಲ ಎಂದ. ನಾನು ಏನು ಒಪ್ಪಿದೆ ಎಂದು ಕೇಳಿದೆ. ಹೇಳಿದ. ನೀನು ಯಾಕೆ ತಡೆಯಲಿಲ್ಲ ಎಂದು ರೇಗಿದರೆ, ಹೆಣ್ಣಿನ ತಂದೆ ತಲೆ ತೂಗಿದ ಮೇಲೆ ಸೋದರಮಾವ ಬಾಯಿ ಹಾಕುವುದುಂಟೇ ಎಂದ. ತರೀಕೆರೆಯಲ್ಲಿ ಗಿರಿಜಾ ಬೈಯಲು ಶುರು ಮಾಡಿದಳು. ಬೀರೂರು ದಾಟಿದ ಮೇಲೂ ನಿಲ್ಲಿಸಲಿಲ್ಲ.

ಸುಮಾ ಎಲ್ಲ ಕೇಳಿಸಿಕೊಂಡು ಒಳಗೆ ಹೋಗಿ ಮಾಸ್ಕನ್ನು ಮುಟ್ಟಿ ನೋಡಿ ಬಂದಳು. ಬೆರಳಿಗೆ ಧೂಳು ಹತ್ತಿತ್ತು. “ಹುಡ್ಗ ಒಳ್ಳೇನು, ಬೇಡ ಅನ್ನಲ್ಲ. ಆದ್ರೆ ಕೆಲ್ಸ ಬಿಡು ಅಂದ್ರೆ ನಾನು ಹಸೆಮಣೆ ಹತ್ತಲ್ಲಪ್ಪ” ಎಂದಳು. ಬೆಳಿಗ್ಗೆ ಎಂದಿನ ಹಾಗೆ ದೇವನೂರಿನ ಬಸ್ಸು ಹತ್ತಿದಳು. ಅವಳು ಕೂಗಾಡಿದ್ದರೆ ನನಗೆ ಎಷ್ಟೋ ಹಿತವಾಗುತ್ತಿತ್ತು.

ಆ ದಿನವೇ ನಾನೂ ಗಿರಿಜಾಳೂ ಮತ್ತೆ ಲಿಂಗದಹಳ್ಳಿಗೆ ಹೊರಟೆವು. ಸಾಕ್ಷಿ ಇರಲಿ ಎಂದು ಮಿಷನ್ನನ್ನು ಚೀಲದಲ್ಲಿ ಹಾಕಿಕೊಂಡೆ. ಬಸ್ಸಿನಲ್ಲಿ ಪಕ್ಕದವರು ಕೊಳವೆ ನೋಡಿ, ಔಷಧಿ ಹೊಡೆಯೋದಾ ಎಂದು ಕೇಳಿದರು. ಹೌದು ಎಂದೆ.

ಓಂಕಾರಪ್ಪನವರ ಮುಂದೆ ಎಲ್ಲ ಹೇಳಿಕೊಂಡೆ. ಅವರು ನಂಬಲಿಲ್ಲ. “ಕಣ್ಗೊತ್ಕೊಂಡು ತಟ್ಟೆ ತಗೊಂಡ್ರಲ್ಲ ಬೀಗ್ರೇ. ನಿದ್ದೇಲಿ ಯಾರಾದ್ರೂ ಹಂಗ್ ತಗೋತಾರಾ?” ಎಂದರು. ನ್ಯಾಯವಾದ ಪ್ರಶ್ನೆ. ಇನ್ನು ಮಾಡಿ ತೋರಿಸುವುದೇ ಸರಿ ಎಂದು ಅವರ ದಿವಾನದ ಮೇಲೆ ಮಲಗಿ, ಮಾಸ್ಕು ಬಿಗಿದುಕೊಂಡು, ಸ್ವಿಚ್ಚು ಹಾಕಿಸಿದೆ. “ಹಿಂಗೆ ಗಾಳಿ ಬರತ್ತೆ ನೋಡಿ” ಎಂದೆ. ಆ ಮಧ್ಯಾಹ್ನ ನನ್ನ ಮಗಳ ಪರವಾಗಿ ನಾನು ವಾದಿಸಿದ್ದು ಅಷ್ಟೇ.

ಎಷ್ಟೋ ದಿನದ ನಿದ್ದೆ ಒಟ್ಟಿಗೆ ಬಂದಿತ್ತು. ಅಲ್ಲಾಡಿಸಿದರೂ ಏಳಲಿಲ್ಲವಂತೆ. ಓಂಕಾರಪ್ಪನವರು ನನ್ನನ್ನು ಬಹಳ ಹೊತ್ತು ನೋಡಿದರಂತೆ. ಆಗ ಗಿರಿಜಾ ತನ್ನ ಚೀಲದಿಂದ ಒಂದು ತಟ್ಟೆ ತೆಗೆದು, ಎಲೆ ಅಡಿಕೆ ಇಟ್ಟು, ಅವರ ಮುಂದೆ ಜರುಗಿಸಿದಳು.

“ನಿನ್ನೆ ನಿದ್ದೆ ಮಾಡ್ತಿದ್ದೋರ ಕೈಗೆ ಕೊಟ್ರಿ. ಇವತ್ತು ಎದ್ದಿರೋಳ ಕೈಗೆ ಕೊಡಿ ಅಣ್ಣ. ನಮ್ ಹುಡ್ಗಿ ಕೆಲ್ಸ ಬಿಡಲ್ಲ.”

“ಇವ್ರು ಏಳ್ಲಿ ತಾಯಿ, ಕೇಳೋಣ.”

“ಇವ್ರನ್ನ ಕೇಳಿ ತಾನೇ ಹಿಂಗಾಗಿದ್ದು?”

ಪ್ರಸನ್ನ ಈ ಸಲ ಮರೆಯಾಗಲಿಲ್ಲ. ತನ್ನನ್ನೂ ಒಂದು ಮಾತು ಕೇಳಬಹುದಿತ್ತು ಎಂದ. ತರೀಕೆರೆಯಲ್ಲಿ ಅವನದು ಮೋಟಾರು ರಿಪೇರಿ ಅಂಗಡಿ. ಬೀರೂರಿನಲ್ಲಿ ಮನೆ ಮಾಡಿದರೆ ಬೆಳಿಗ್ಗೆ ಅವಳು ಆ ಕಡೆ ಬಸ್ಸು, ತಾನು ಈ ಕಡೆ ಬಸ್ಸು ಹತ್ತಬಹುದು ಎಂದು ಲೆಕ್ಕ ಹಾಕಿಟ್ಟಿದ್ದ. ಸೊಸೆ ಹಸುವಿನ ಹೊಟ್ಟೆಗೆ ಕೈ ಹಾಕಿದರೆ ಜನ ಏನನ್ನುತ್ತಾರೆ ಎಂದು ಓಂಕಾರಪ್ಪನವರು ಕೇಳಿದರು. ಹಸು ಸಾಕಿದವರು ಏನೂ ಅನ್ನುವುದಿಲ್ಲ ಎಂದು ಅವರ ಹೆಂಡತಿಯೇ ಬಾಗಿಲಿನಿಂದ ಹೇಳಿದರಂತೆ. ಮಾತು ಬಹಳ ಹೊತ್ತು ನಡೆದು, ಕೊನೆಗೆ ಅವರು ತಟ್ಟೆ ಎತ್ತಿ ಗಿರಿಜಾಳ ಕೈಗೆ ಕೊಟ್ಟರು. ಕೊಡುವ ಮುಂಚೆ ಅವಳ ಕಣ್ಣು ತೆರೆದಿದೆಯೇ ಎಂದು ಬಗ್ಗಿ ನೋಡಿದರಂತೆ. ಇದು ನನ್ನ ಹೆಂಡತಿ ಆಮೇಲೆ ಸೇರಿಸಿದ್ದೂ ಇರಬಹುದು.

ನಾನು ಎದ್ದಾಗ ಬಿಸಿಲು ಇಳಿದಿತ್ತು. ತಲೆ ತಿಳಿಯಾಗಿತ್ತು. ಮಾಸ್ಕು ತೆಗೆದು, ನೆಟ್ಟಗೆ ಕೂತು, ದಾರಿಯುದ್ದಕ್ಕೂ ಬಾಯಿಪಾಠ ಮಾಡಿದ್ದನ್ನು ದೃಢವಾದ ದನಿಯಲ್ಲಿ ಹೇಳಿದೆ: “ಬೀಗ್ರೇ, ನನ್ ಮಗಳು ಕೆಲ್ಸ ಬಿಡೋದಿಲ್ಲ. ಇದೇ ನನ್ ಕೊನೇ ಮಾತು.”

“ಕಾಫಿ ತಗೊಳಿ” ಎಂದರು ಓಂಕಾರಪ್ಪನವರು.

ಕೆಲವು ವಾರಗಳಾದ ಮೇಲೆ ಮುಹೂರ್ತ ಇಡಲು ಅಯ್ಯನವರು ಅದೇ ಮನೆಗೆ ಬಂದರು, ನಾವೂ ಹೋದೆವು. ಓಂಕಾರಪ್ಪನವರು ಗಿರಿಜಾಳನ್ನು ಕರೆದು ಜಮಖಾನದ ಮೇಲೆ ತಮ್ಮ ಎದುರಿಗೆ ಕೂರಿಸಿಕೊಂಡರು. ಪ್ರಸನ್ನ ನನ್ನನ್ನು ಒಳಕೋಣೆಗೆ ಕರೆದುಕೊಂಡು ಹೋದ. ಅಲ್ಲಿ ಪ್ಲಗ್ ಪಾಯಿಂಟಿನ ಪಕ್ಕದಲ್ಲಿ ಮಂಚ ಎಳೆದು, ಒಗೆದ ದುಪ್ಪಟಿ ಹಾಸಿಟ್ಟಿದ್ದರು.