ಅಮರಗುಂಡಪ್ಪನ ಮೀಸೆ ಮತ್ತು ಹೊಸ ಕಾಲ

ಮಸ್ಕಿಯ ಬೇಳೆ ವ್ಯಾಪಾರಿ ಅಮರಗುಂಡಪ್ಪನ ಮೀಸೆಗೆ ಕುತ್ತು ಬಂದದ್ದು ಸಮಾಜಶಾಸ್ತ್ರದಿಂದ.

ಮೊದಲ ಚುನಾವಣೆ ಮುಗಿದ ಮರುವರ್ಷ. ಆಧುನಿಕತೆ ಈ ಸೀಮೆಗೆ ಎಷ್ಟು ಬಂದಿದೆ ಎಂದು ನೋಡಲು ಮೈಸೂರಿನ ಕಡೆಯ ಪ್ರೊಫೆಸರೊಬ್ಬರು ಹೊರಟಿದ್ದರು. ಊರಿಗೊಬ್ಬ ‘ಹೊಸ ಕಾಲದ ಮನುಷ್ಯ’ನ ಫೋಟೊ ಅವರ ಪುಸ್ತಕದಲ್ಲಿ ಬರುತ್ತದಂತೆ. ಲಿಂಗಸುಗೂರಿನಲ್ಲಿ ಅಮರಗುಂಡಪ್ಪನ ಸಡ್ಡಕನೇ ಆ ಫೋಟೊಗೆ ಆಯ್ಕೆಯಾಗಿದ್ದ. “ಮಸ್ಕಿಗೆ ನಾನೇ” ಎಂದು ಇವನು ಸಿಂಧನೂರಿನ ಸಂತೆಯಲ್ಲೆಲ್ಲ ಸಾರಿ ಬಂದಿದ್ದ. ಈಗ ಫೋಟೊ ತಪ್ಪಿದರೆ ಸಡ್ಡಕನಿಗೆ ಮುಖ ತೋರಿಸುವಂತಿಲ್ಲ.

ಪ್ರೊಫೆಸರರು ಬರುವ ದಿನ ಬೆಳಿಗ್ಗೆಯೇ ಪಕ್ಕದ ಮನೆಯ ಕರಿಬಸಯ್ಯನನ್ನು ಕೇಳಿದ.

“ಸ್ವಾಮೇರ, ಹೊಸ ಕಾಲದಾಂವ ಹೆಂಗಿರ್ತಾನ್ರೀ?”

“ಮೀಸಿ ಇರಂಗಿಲ್ಲಪಾ.”

ಮೀಸೆ ನೆಲಕ್ಕೆ ಬಿತ್ತು. ಮುಖ ತೋರಣ ಕಿತ್ತ ಬಾಗಿಲಿನಂತಾಯಿತು.

ದರ್ಜಿ ಹಸನ್‌ಸಾಬ್ ಸುಮ್ಮನಿದ್ದಾನೆಯೇ? “ಧೋತ್ರ ಉಟ್ಕೊಂಡು ಹೊಸ ಕಾಲ ಎಲ್ಲಿದ್ರೀ ಸಾವ್ಕಾರ? ಪ್ಯಾಂಟ್ ಹಾಕ್ರಿ!” ಎಂದು ಹಟ್ಟಿ ಚಿನ್ನದ ಗಣಿಯ ತೆಳ್ಳನೆಯ ಗುಮಾಸ್ತನೊಬ್ಬನಿಗೆ ಹೊಲಿದಿಟ್ಟಿದ್ದನ್ನು ತೊಡಿಸಿದ. ಸಣ್ಣ ಚೀಲಕ್ಕೆ ತುರುಕಿದ ತೊಗರಿಯಂತೆ ಅಮರಗುಂಡಪ್ಪ ಬಿಗಿದುಕೊಂಡು ನಿಂತ. ಕೂತರೆ ಹೊಲಿಗೆ ಬಿಡುತ್ತಿತ್ತು.

“ಅಯ್ಯ ಶಿವನ, ಇದೇನ್ರೀ ವೇಷ!” ರೊಟ್ಟಿ ಬಡಿಯುತ್ತಿದ್ದ ಹೆಂಡತಿ ಶೇಖರಮ್ಮ ನಕ್ಕಳು.

“ನೀ ಸುಮ್ಕಿರು. ಹೊಸ ಕಾಲ ನಿನಗೇನ ತಿಳೀತದ?”

ಪ್ರೊಫೆಸರರು ಬಂದು ಕೂತರು. “ನೀವೂ ಕೂತ್ಕೊಳ್ಳಿ” ಎಂದರು.

“ಬ್ಯಾಡ್ರೀ. ಹೊಸ ಕಾಲದಾಗ ಯಾರೂ ಕೂಡಂಗಿಲ್ರೀ.”

“ಮೀಸೆ ಯಾಕೆ ತೆಗೆಸಿದಿರಿ?”

“ಕರಿಬಸಯ್ಯನೋರು ಹೇಳಿದ್ರು.”

“ಈ ಪ್ಯಾಂಟು?”

“ಹಸನ್‌ಸಾಬ್ ಹೇಳಿದಾ.”

“ಹೋಗಲಿ, ವೋಟು?”

“ಓಣಿ ಹಿರೇರು ಹೇಳಿದಲ್ಲೇ ಹಾಕೀನ್ರಿ. ನಮ್ಮ ಮನಿಯಾಕಿನೂ ಅಲ್ಲೇ ಹಾಕ್ಯಾಳ.”

ಪ್ರೊಫೆಸರರು ನಿಟ್ಟುಸಿರಿಟ್ಟು ಎದ್ದರು. “ವೇಷ ಏನಾದರೂ ಇರಲಿ ಸ್ವಾಮಿ, ತನ್ನ ದಾರಿ ತಾನೇ ಆರಿಸಿಕೊಳ್ಳುವವನು ಹೊಸ ಕಾಲದವನು. ಈ ಊರಲ್ಲಿ ಅಂಥವರು ಇದ್ದಂತಿಲ್ಲ.”

ಒಲೆಯ ಕಡೆಯಿಂದ ದನಿ ಬಂತು. “ನಾ ಅಲ್ಲಿ ಹಾಕಿಲ್ರೀ.”

ಅಮರಗುಂಡಪ್ಪ ದೊಪ್ಪೆಂದು ಕೂತ. ಪ್ಯಾಂಟು ಚರ್ರೆಂದಿತು.

“ಮತ್ತ ಯಾರಿಗೆ ಹಾಕೀದಿ?”

“ಅದು ನನಗ ಗೊತ್ತು, ಆ ಪೆಟಿಗಿಗೆ ಗೊತ್ತು. ನಿಮಗ್ಯಾಕ?”

ಪ್ರೊಫೆಸರರ ಕ್ಯಾಮೆರಾ ಚೀಲದಿಂದ ಹೊರಬಂತು. ತಲೆಯ ಮೇಲೆ ಸೆರಗು, ಕೈತುಂಬ ಜೋಳದ ಹಿಟ್ಟು. ಮಸ್ಕಿಯ ಹೊಸ ಕಾಲ ಶೇಖರಮ್ಮನ ರೂಪದಲ್ಲಿ ಪುಸ್ತಕಕ್ಕೆ ಹೋಯಿತು.

ಸಂಜೆ ಟವೆಲು ಸುತ್ತಿಕೊಂಡು, ಬೋಳು ತುಟಿ ಸವರುತ್ತ ಅಮರಗುಂಡಪ್ಪ ಬಹಳ ಹೊತ್ತು ಯೋಚಿಸಿದ. ಕೊನೆಗೆ ಗಟ್ಟಿ ಮನಸ್ಸು ಮಾಡಿ ಎದ್ದು, ಗೋಡೆಯಾಚೆ ಇಣುಕಿದ.

“ಸ್ವಾಮೇರ, ಇನ್ನ ಮ್ಯಾಲೆ ನಾ ಯಾರ ಮಾತೂ ಕೇಳಬಾರ್ದು ಅಂತ ಮಾಡೀನಿ. ಹೆಂಗಂತೀರಿ?”